ಮೈನಸ್ ಮರೆತೆ, ಸ್ಯಾನ್ ಫ್ರಾನ್ಸಿಸ್ಕೊ ಚೀನಾ ಪಕ್ಕ ಹೋಯಿತು: ನನ್ನ ಅನುಭವ

ಹೋದ ವರ್ಷ ಒಂದು ಕಂಪನಿಯವರು ತಮ್ಮ ಸ್ಟಾಫ್ ಹಾರಾಡಿದ ಟಿಕೆಟ್‌ಗಳ ಪಟ್ಟಿ ಕೊಟ್ಟು, ಪ್ರತಿ ಸೆಕ್ಟರ್‌ಗೂ, ಅಂದರೆ ಒಂದು ಏರ್‌ಪೋರ್ಟಿಂದ ಇನ್ನೊಂದಕ್ಕೆ ಹಾರಿದ ಒಂದೊಂದು ಹಾರಾಟಕ್ಕೂ, ವಿಮಾನದ ಕಿಲೋಮೀಟರ್ ಹಾಕಿಕೊಡಿ ಎಂದರು. ಕಾರ್ಬನ್ ಲೆಕ್ಕಕ್ಕಂತೆ. ಹತ್ತಿರ ಹತ್ತಿರ 600 ಸೆಕ್ಟರ್. ನಾನು 9,000 ರೂಪಾಯಿಗೆ ಒಪ್ಪಿಕೊಂಡೆ. ಗಾಂಧಿನಗರದ ನಮ್ಮ ಟಿಕೆಟ್ ಅಂಗಡಿಯಲ್ಲಿ ಪಾಲುದಾರರಾಗಿರುವ ಮಾವ, "ನಿಂಗ್ಯಾಕಪ್ಪಾ ಈ ಉಸಾಬರಿ?" ಎಂದರು.

ಮೊದಲು ಒಬ್ಬ ಹುಡುಗನಿಗೆ 4,000 ಕೊಟ್ಟು ನೆಟ್‌ನಲ್ಲಿ ನೋಡಿ ಬರೆಸಿದೆ. ದುಡ್ಡು ದಂಡ. ಒಂದು ಕಡೆ ಊರಿಂದ ಊರಿಗೆ ಅಳತೆ, ಇನ್ನೊಂದು ಕಡೆ ಏರ್‌ಪೋರ್ಟಿಂದ. ನಮ್ಮ ಮೆಜೆಸ್ಟಿಕ್‌ನಿಂದ ದೇವನಹಳ್ಳಿ ಏರ್‌ಪೋರ್ಟ್‌ಗೆ ನೇರ ಗೆರೆ ಎಳೆದರೇ 28 ಕಿಮೀ ಆಗುತ್ತದೆ! ಪಟ್ಟಿ ವಾಪಸ್ ಬಂತು.

ಆಮೇಲೆ ನಾನೇ ಎಕ್ಸೆಲ್‌ನಲ್ಲಿ ಹ್ಯಾವರ್‌ಸೈನ್ ಹಾಕಿ ಕೂತೆ. ಎರಡು ಜಾಗದ ಅಕ್ಷಾಂಶ, ರೇಖಾಂಶ ಕೊಟ್ಟರೆ, ಭೂಮಿ ಪೂರ್ತಿ ಗುಂಡಗಿದೆ ಅಂತ ಹಿಡಿದು ನಡುವಿನ ದೂರ ಹೇಳುವ ಸೂತ್ರ ಅದು. ಅಣ್ಣನ ಮಗನ ಪೈಥಾನ್ ಕೋಡ್ ನೋಡಿ ಇಳಿಸಿದ್ದೆ. ಬೆಂಗಳೂರಿಂದ ದೆಹಲಿ 18,300 ಕಿಮೀ ತೋರಿಸಿತು. ಅರ್ಧ ದಿನ ತಲೆ ಕೆರೆದುಕೊಂಡೆ. ಸೂತ್ರದಲ್ಲಿ ಕೋನ ಕಂಡುಹಿಡಿಯುವ ಅಟಾನ್2 ಅನ್ನೋ ಫಂಕ್ಷನ್ ಒಳಗೆ ಎಕ್ಸೆಲ್‌ಗೆ ಎಕ್ಸ್ ಮೊದಲು ಬೇಕು, ಪೈಥಾನ್‌ಗೆ ವೈ ಮೊದಲು. ಅದಲು ಬದಲು ಮಾಡಿದೆ, 1,710 ಬಂತು. ಭೂಮಿ ಧ್ರುವದ ಕಡೆ ಚಪ್ಪಟೆ ಅಂತ ಹಿಡಿದರೆ 1,702ರ ಆಸುಪಾಸು. ಅಷ್ಟಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಕೋಲ್ಕತ್ತಾದಲ್ಲಿ ಇನ್ನೊಂದು ಎಡವಟ್ಟು. 22 ಡಿಗ್ರಿ 39 ನಿಮಿಷವನ್ನು 22.39 ಅಂತ, 88 ಡಿಗ್ರಿ 26 ನಿಮಿಷವನ್ನು 88.26 ಅಂತ ಹೊಡೆದಿದ್ದೆ. ಡಿಗ್ರಿಗೆ 60 ನಿಮಿಷ, ಹಾಗಾಗಿ ನಿಮಿಷವನ್ನು 60ರಿಂದ ಭಾಗಿಸಿ 22.65 ಅಂತ ಹಾಕಬೇಕಿತ್ತು. ದೂರ ಸುಮಾರು 32 ಕಿಮೀ ಕಮ್ಮಿ ಬಂತು. ಇಂಥ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ, ಅದೇ ಕಷ್ಟ. ಸ್ಯಾನ್ ಫ್ರಾನ್ಸಿಸ್ಕೊ ಮಾತ್ರ ತಾನಾಗಿ ಸಿಕ್ಕಿಬಿತ್ತು: ದೂರ ಬರೀ 5,200 ಕಿಮೀ! ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕಿರಲಿಲ್ಲ. ಮ್ಯಾಪಲ್ಲಿ ನೋಡಿದರೆ ಊರು ಚೀನಾದ ಶಾಂಡಾಂಗ್ ಕರಾವಳಿಯ ಪಕ್ಕ ಸಮುದ್ರದಲ್ಲಿ ಮುಳುಗಿತ್ತು. ಮೈನಸ್ ಹಾಕಿದ ಮೇಲೆ 13,990.

ಮಾವ ಅದನ್ನೂ ನಂಬಲಿಲ್ಲ. ಅವೆನ್ಯೂ ರೋಡಿನಿಂದ 700 ರೂಪಾಯಿಗೆ ಹನ್ನೆರಡು ಇಂಚಿನ ಗ್ಲೋಬ್ ತಂದೆ. ಹೂ ಕಟ್ಟುವ ದಾರ ಬೆಂಗಳೂರಲ್ಲಿ ಒತ್ತಿ ಹಿಡಿದು ಸ್ಯಾನ್ ಫ್ರಾನ್ಸಿಸ್ಕೊವರೆಗೆ ಬಿಗಿಯಾಗಿ ಎಳೆದೆವು. ದಾರ ಅಟ್ಲಾಂಟಿಕ್ ಕಡೆ ತಿರುಗಿಯೂ ನೋಡಲಿಲ್ಲ. ಟಿಬೆಟ್, ಸೈಬೀರಿಯಾ, ಅಲಾಸ್ಕಾ ಮೇಲೆ ಹಾದು ಇಳಿಯಿತು. ಹೆಚ್ಚುಕಮ್ಮಿ 33 ಸೆಂಟಿಮೀಟರ್. ಈ ಗ್ಲೋಬಲ್ಲಿ ಒಂದು ಸೆಂಟಿಮೀಟರ್ ಅಂದರೆ 418 ಕಿಮೀ. ಗುಣಿಸಿಕೊಳ್ಳಿ. ವಿಮಾನ ಇದೇ ಗೆರೆ ಹಿಡಿಯಬೇಕು ಅಂತೇನಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಹೆಂಗಸರೇ ಇದ್ದ ಪೈಲಟ್ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ಬಂದಿತ್ತಲ್ವಾ? ಗಾಳಿ, ಅನುಮತಿ ನೋಡಿ ದಾರಿ ಬದಲಾಗುತ್ತದೆ.

ಈಗ ನನ್ನ ಎಕ್ಸೆಲ್ ಹಾಳೆಯಲ್ಲಿ ಏರ್‌ಪೋರ್ಟಿನ ಮೂರಕ್ಷರದ ಕೋಡ್ ಹೊಡೆದರೆ ಸಾಕು, ಅಕ್ಷಾಂಶ, ರೇಖಾಂಶ, ದೂರ ಎಲ್ಲ ತಾನೇ ಬರುತ್ತದೆ. ತಪ್ಪಿದ್ದರೆ ಸಾಲು ಕೆಂಪಾಗುತ್ತದೆ. ಅದು ಹೇಗೆ ಅಂತ ಮಾತ್ರ ಕೇಳಬೇಡಿ, ನಮ್ಮ ಹೊಟ್ಟೆಪಾಡು. 600 ಸೆಕ್ಟರ್ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು, ಬಿಲ್ ಪಾಸಾಯಿತು. ಗ್ಲೋಬ್ ಈಗ ಮಾವನ ಮೇಜಿನ ಮೇಲಿದೆ. ಗಿರಾಕಿ ಬಂದರೆ ದಾರ ಎಳೆದು ತೋರಿಸುವವರು ಅವರೇ.