ಖಾಲಿ ಹೌಸಿಂಗಿಗೆ ಥರ್ಮೋಸ್ಟಾಟ್ ಕೂರಿಸಿದ್ದು

ಕಳೆದ ಮಳೆಗಾಲದಲ್ಲಿ ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಎದುರಿನ ಗ್ಲಾಸ್ ಪೂರ್ತಿ ಮಂಜು ಹಿಡೀತು, ಹೀಟರ್ ಫುಲ್ ಇಟ್ರೂ ಉಗುರು ಬೆಚ್ಚಗೂ ಇಲ್ಲದ ಗಾಳಿ, ಅಮ್ಮ ಪಕ್ಕದಲ್ಲಿ ಕೂತು ಬೈರಾಸಿನಲ್ಲಿ ಒರಸ್ತಾ ಒರಸ್ತಾ 14 ತಿರುವು ಹಾಗೇ ಇಳಿದದ್ದು. ಟೆಂಪರೇಚರ್ ಮುಳ್ಳು ಮಾತ್ರ ಅಡಿಯಲ್ಲೇ ಬಿದ್ದುಕೊಂಡಿತ್ತು. ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು, ತಗೊಂಡು 1 ವರ್ಷ ಆಗಿತ್ತು.

ಉಡುಪಿಗೆ ಬಂದು ಮರುದಿನ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಇಂಜಿನ್ ನೀರನ್ನು ತಣಿಸುವ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡಿದೆ. ಥರ್ಮೋಸ್ಟಾಟ್ ಅಂದ್ರೆ ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್. ಅದು ಸರಿ ಇದ್ರೆ ಆ ಹೋಸ್ ಸುಮಾರು ಹೊತ್ತು ತಣ್ಣಗೇ ಇದ್ದು ಆಮೇಲೆ ಒಮ್ಮೆಲೇ ಬಿಸಿ ಆಗ್ಬೇಕು. ನಂದು ಶುರುವಿನಿಂದಲೇ ಸ್ವಲ್ಪ ಸ್ವಲ್ಪ ಬೆಚ್ಚಗಾಗ್ತಾ ಬಂತು, ಅಂದ್ರೆ ನೀರು ತಡೆಯೇ ಇಲ್ಲದೆ ರೇಡಿಯೇಟರಿಗೆ ಹೋಗ್ತಾ ಉಂಟು. ವಾಲ್ವ್ ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿದೆ ಅಂತ ಅಂದಾಜು ಮಾಡಿದೆ.

ಥರ್ಮೋಸ್ಟಾಟ್ ಕೂರುವ ಗೂಡು, ಅಂದ್ರೆ ಹೌಸಿಂಗಿನದ್ದು ಎರಡೇ 10 ಎಂಎಂ ಬೋಲ್ಟ್, ಆದ್ರೆ ನಮ್ಮ ಕಡಲ ಗಾಳಿಗೆ ತುಕ್ಕು ಹಿಡಿದು ಅಲ್ಲಾಡುದಿಲ್ಲ. ಇಲ್ಲಿ ಮಾತ್ರ ಅವಸರ ಮಾಡಬೇಡಿ, ಹೌಸಿಂಗ್ ಅಲ್ಯೂಮಿನಿಯಂ, ಬೋಲ್ಟ್ ಒಳಗೆ ತುಂಡಾದ್ರೆ ಅರ್ಧ ಗಂಟೆಯ ಕೆಲಸ ಮೂರು ದಿನದ್ದಾಗ್ತದೆ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಮಾಡಿ ರಾತ್ರಿ ಬಿಟ್ಟೆ, ಬೆಳಿಗ್ಗೆ ತಲೆಗೆ ಮೆಲ್ಲ ನಾಲ್ಕು ಪೆಟ್ಟು ಕೊಟ್ಟು, ಮೊದಲು ಒಂದು ಕೂದಲೆಳೆಯಷ್ಟು ಟೈಟ್ ಮಾಡಿ ಆಮೇಲೆ ಲೂಸ್ ಮಾಡಿದ್ದಕ್ಕೆ ಬಂತು. ಅದಕ್ಕೆ ಮೊದಲೇ ರೇಡಿಯೇಟರಿನಿಂದ ಎರಡು ಲೀಟರಿನಷ್ಟು ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಬೇಸಿನ್‌ಗೆ ಇಳಿಸಿದ್ದೆ. ಕೂಲೆಂಟ್ ಸಿಹಿ ವಿಷ, ನಾಯಿ ಬೆಕ್ಕು ನೆಕ್ಕಿದ್ರೆ ಸಾಯ್ತವೆ, ಬಾವಿ ಹತ್ರ ಚೆಲ್ಲುದಂತೂ ಬೇಡವೇ ಬೇಡ.

ಹೌಸಿಂಗ್ ತೆಗೆದು ನೋಡಿದ್ರೆ ಒಳಗೆ ಎಂತದೂ ಇಲ್ಲ! ಯಾರೋ ಮೊದಲೇ ತೆಗೆದು ಬಿಸಾಡಿದ್ದಾರೆ.

ಪರಿಚಯದ ಮೆಕ್ಯಾನಿಕ್ ಹತ್ರ ಹೇಳಿದ್ದಕ್ಕೆ "ನಮ್ಮ ಊರಿನ ಸೆಕೆಗೆ ಅದು ಎಂತಕ್ಕೆ ಮಾರಾಯ್ರೆ, ಇಂಜಿನ್ ತಂಪಾಗಿರ್ತದಲ್ಲ" ಅಂದ್ರು. ನಾನು ಇದನ್ನು ಒಪ್ಪುದಿಲ್ಲ. ಇಂಜಿನ್ ತಂಪಾಗಿರುದು ಒಳ್ಳೇದು ಅನ್ನುದೇ ತಪ್ಪು, ಅದಕ್ಕೆ ಅದರದ್ದೇ ಬಿಸಿ ಬೇಕು. ತಣ್ಣಗಿದ್ದಷ್ಟು ಹೊತ್ತು ಇಂಜಿನ್ನಿನ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡ್ತದೆ, ಮಣಿಪಾಲಕ್ಕೆ ಹೋಗಿ ಬರುವ ಸಣ್ಣ ಓಡಾಟದಲ್ಲಿ ಆಯಿಲಿಗೆ ಸೇರಿದ ನೀರಿನಂಶ ಆವಿಯಾಗಿ ಹೋಗುದಿಲ್ಲ, ಆಯಿಲ್ ಕೆಸರಿನ ಹಾಗೆ ಆಗ್ತದೆ. ಇನ್ನು ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಬಿಸಿಯಾಗಿ ತೆರೆಯುವಾಗ ಬೈಪಾಸ್ ದಾರಿಯನ್ನೂ ಮುಚ್ಚುದು, ಅದನ್ನು ತೆಗೆದ್ರೆ ಬಿಸಿ ನೀರಿನಲ್ಲಿ ಒಂದು ಪಾಲು ರೇಡಿಯೇಟರಿಗೆ ಹೋಗದೆ ಇಂಜಿನ್ನಿಗೇ ವಾಪಸ್ ಬರ್ತದೆ, ಘಾಟಿ ಹತ್ತುವಾಗ ಅದೇ ಓವರ್‌ಹೀಟಿಗೆ ಕಾರಣ.

ಹೊಸದು ತಂದೆ, ಮೇಲೆ 82 ಡಿಗ್ರಿ ಅಂತ ಅಚ್ಚು ಉಂಟು. ಹೊಸದಾದ್ರೂ ಟೆಸ್ಟ್ ಮಾಡದೆ ಹಾಕಬೇಡಿ. ಹಳೇ ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ತಳಕ್ಕೆ ತಾಗದ ಹಾಗೆ ಮುಳುಗಿಸಿ ಗ್ಯಾಸ್ ಹಚ್ಚಿದೆ. ಒಳಗಿರುದು ಮೇಣ, ಅದು ಕರಗಿ ಹಿಗ್ಗಿದಾಗ ವಾಲ್ವನ್ನು ದೂಡ್ತದೆ. ಕುದಿ ಬರುವ ಮೊದಲೇ ನಿಧಾನಕ್ಕೆ ಬಾಯಿ ಬಿಡ್ತು, ಅಮ್ಮನೂ ಬಗ್ಗಿ ನೋಡಿ "ಹೌದಲ್ಲ ಮಗಾ, ಚಿಪ್ಪಿನ ಹಾಗೇ" ಅಂದ್ರು. ತಣ್ಣೀರಿಗೆ ಹಾಕಿದ್ಮೇಲೆ ಪೂರ್ತಿ ಮುಚ್ಚಿತು.

ಕೂರಿಸುವಾಗ ಸ್ಪ್ರಿಂಗ್ ಇಂಜಿನ್ ಕಡೆಗೆ, ಗಾಳಿ ಹೋಗುವ ಸಣ್ಣ ತೂತು ಮೇಲಕ್ಕೆ. ಹೌಸಿಂಗಿನ ಸಂದಿನಲ್ಲಿ ಲೀಕ್ ತಡೆಯುವ ಹಳೇ ಗ್ಯಾಸ್ಕೆಟ್ ಪ್ಲಾಸ್ಟಿಕ್ ತುಂಡಿನಲ್ಲಿ ಕೆರೆದು ತೆಗೆದೆ, ಚಾಕು ಹಾಕಿದ್ರೆ ಗೀರು ಬಿದ್ದು ಲೀಕ್ ಆಗ್ತದೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ, ಬಾವಿ ನೀರು ಬೇಡ. ಆಮೇಲೆ ರೇಡಿಯೇಟರಿನ ಕ್ಯಾಪ್ ತೆರೆದಿಟ್ಟೇ ಇಂಜಿನ್ ಸ್ಟಾರ್ಟ್ ಮಾಡಿ, ಹೀಟರ್ ಫುಲ್ ಬಿಸಿಗೆ ಇಟ್ಟು, ಹೋಸ್ ಅಮುಕಿ ಅಮುಕಿ ಗುಳ್ಳೆ ನಿಲ್ಲುವವರೆಗೆ ಕಾದೆ. ಇಂಜಿನ್ ಬಿಸಿ ಇರುವಾಗ ಮುಚ್ಚಿದ ಕ್ಯಾಪನ್ನು ಮಾತ್ರ ಯಾವತ್ತೂ ತೆರೆಯಬೇಡಿ, ಕುದಿನೀರು ಮುಖಕ್ಕೇ ಹಾರ್ತದೆ.

ಈಗ ಮುಳ್ಳು ನಡುವಿನಲ್ಲಿ ನಿಲ್ತದೆ, ಹೀಟರ್ ಗಾಳಿಗೆ ಕೈ ಹಿಡಿಲಿಕ್ಕೆ ಆಗುದಿಲ್ಲ. ಎರಡನೇ ದಿನ ಇಂಜಿನ್ ತಣಿದ ಮೇಲೆ ನೋಡಿದ್ರೆ ಕೂಲೆಂಟ್ ಅರ್ಧ ಗ್ಲಾಸಿನಷ್ಟು ಇಳಿದಿತ್ತು, ಉಳಿದ ಗಾಳಿ ಹೊರಗೆ ಬಂದದ್ದು. ತುಂಬಿಸಿದೆ, ಮತ್ತೆ ಇಳಿಯಲಿಲ್ಲ.