ಸಸಿ ಆಮೇಲೆ, ಮೊದಲು ಸುಣ್ಣದ ಪುಡಿ

ನಾನು ಲ್ಯಾಂಡ್‌ಸ್ಕೇಪ್ ಕೆಲಸ ಮಾಡುವವನು. ಖಾಲಿ ಜಾಗ ಕಂಡರೆ ಬೆಂಗಳೂರಿನಲ್ಲಿ ಎಲ್ಲರಿಗೂ ಹೊಳೆಯುವುದು ಒಂದೇ, ಸಸಿ ನೆಡೋಣ. ಜೂನ್ 5ರ ಪರಿಸರ ದಿನಕ್ಕೆ ಫೋಟೋ, ಮುಂದಿನ ಮಾರ್ಚಿಗೆ ಒಣ ಕಡ್ಡಿ. ಅದಕ್ಕೇ ಬನಶಂಕರಿ ಆಚೆಯ ಒಂದು ಬಡಾವಣೆಯವರು ತಮ್ಮ ಅರ್ಧ ಎಕರೆ ಪಾಳು ಜಾಗಕ್ಕೆ ಏನಾದರೂ ಮಾಡಿಕೊಡಿ ಅಂತ ಕರೆದಾಗ, ಒಂದು ಮಳೆಗಾಲ ಪೂರ್ತಿ ಏನೂ ನೆಡಲ್ಲ, ಸುಮ್ನೆ ನೋಡ್ತೀನಿ ಅಂತ ಷರತ್ತು ಹಾಕಿಯೇ ಒಪ್ಪಿಕೊಂಡೆ.

ಕಾಗದಪತ್ರ ಮೊದಲು ನೋಡಿಕೊಳ್ಳಿ. ಲೇಔಟ್ ಪ್ಲಾನಿನಲ್ಲಿ ಪಾರ್ಕ್ ಅಂತ ಇದ್ದರೆ 1985ರ ಉದ್ಯಾನ, ಆಟದ ಮೈದಾನಗಳ ಕಾಯ್ದೆ ನಿಮ್ಮ ಬೆನ್ನಿಗಿದೆ. ಸಿ.ಎ. ಸೈಟಾದರೆ, ಅಂದರೆ ನಾಗರಿಕ ಸೌಲಭ್ಯಕ್ಕೆ ಅಂತ ಬಿಟ್ಟ ಜಾಗವಾದರೆ, ನಾಳೆ ಯಾರಿಗೋ ಗುತ್ತಿಗೆಗೆ ಹೋಗಬಹುದು. ಖಾಸಗಿ ಸೈಟಾದರೆ ಮಾಲೀಕರ ಬರಹದ ಒಪ್ಪಿಗೆ ಇಲ್ಲದೆ ಒಂದು ಗುದ್ದಲಿಯೂ ಬೇಡ. ಕಂದಾಯ ಇಲಾಖೆಯ ದಿಶಾಂಕ್ ಆಪ್‌ನಲ್ಲಿ ಸರ್ವೆ ನಂಬರ್ ತೆಗೆದು, ಆಮೇಲೆ ಹಳೇ ಗ್ರಾಮ ನಕ್ಷೆ ಪಕ್ಕದಲ್ಲಿಟ್ಟು ನೋಡಿ. ಕೆರೆ, ಕಾಲುವೆ, ಗುಂಡುತೋಪು ಎಲ್ಲಿದ್ದವು ಅಂತ ಗೊತ್ತಾಗುತ್ತೆ.

ಅಸೋಸಿಯೇಷನ್ ಮೀಟಿಂಗ್ ಕರೆಯಿತು. ವಾಕಿಂಗ್ ಟ್ರ್ಯಾಕ್, ಹುಲ್ಲುಹಾಸು, ಓಪನ್ ಜಿಮ್, ಕಾರಂಜಿ. ಯಾವ ಬಡಾವಣೆಗೆ ಹೋದರೂ ಇದೇ ಪಟ್ಟಿ. ಮೀಟಿಂಗಿಗೆ ಬರುವವರು ಸೈಟ್ ಮಾಲೀಕರು, ಆದರೆ ಆ ಜಾಗವನ್ನು ದಿನಾ ಬಳಸುವವರು ಬೇರೆಯೇ ಜನ. ಬೆಳಿಗ್ಗೆ ಬೇಗ ಹೋಗಿ ನಿಂತರೆ ತಿಳಿಯುತ್ತೆ. ಪೌರಕಾರ್ಮಿಕ ಹೆಂಗಸರು ಅಲ್ಲೇ ಒಂದು ಹೊಂಗೆ ಮರದ ಕೆಳಗೆ ಡಬ್ಬಿ ಬಿಚ್ಚುತ್ತಾರೆ. ಇಬ್ಬರು ಅಜ್ಜಿಯರು ಗಣಿಕೆ, ಅಣ್ಣೆ, ಕೊಮ್ಮೆ ಅಂತ ಬೆರಕೆ ಸೊಪ್ಪು ಕಿತ್ತು ಮಡಿಲಿಗೆ ತುಂಬಿಕೊಂಡು ಹೋಗುತ್ತಾರೆ, ಮಸ್ಸೊಪ್ಪಿಗೆ. ರಥಸಪ್ತಮಿಗೆ ಎಕ್ಕದ ಎಲೆ ಬೇಕು ಅಂದರೆ ಇಡೀ ಬಡಾವಣೆಗೆ ಅದೇ ಜಾಗ. ಸಂಜೆ ಹುಡುಗರ ಕ್ರಿಕೆಟ್. ಬಸ್ ಸ್ಟಾಪಿಗೆ ಹೋಗುವವರು ಮೂಲೆಯಿಂದ ಮೂಲೆಗೆ ತುಳಿದ ಕಾಲುದಾರಿ ಬೇರೆ. ಇವರಲ್ಲಿ ಒಬ್ಬರೂ ಮೀಟಿಂಗಿಗೆ ಬರಲಿಲ್ಲ, ಯಾರೂ ಕರೆದಿರಲೂ ಇಲ್ಲ.

ಇಂಥವರ ಮುಂದೆ ಡ್ರಾಯಿಂಗ್ ಹಿಡಿದರೆ ಪ್ರಯೋಜನವಿಲ್ಲ. ಪಾಯ ಮಾರ್ಕಿಂಗ್ ಮಾಡಲು ಮೇಸ್ತ್ರಿ ಬಳಸುತ್ತಾರಲ್ಲ, ಆ ಸುಣ್ಣದ ಪುಡಿ ತರಿಸಿ ಇಡೀ ಪ್ಲಾನನ್ನು ನೆಲದ ಮೇಲೇ ನಿಜವಾದ ಅಳತೆಯಲ್ಲಿ ಎಳೆದೆವು. ಇಲ್ಲಿ ದಾರಿ, ಇಲ್ಲಿ ಕಟ್ಟೆ, ಇಲ್ಲಿ ತಗ್ಗು. ಭಾನುವಾರ ಬೆಳಿಗ್ಗೆ ನಡೆದು ನೋಡಿ ಅಂತ ಬಿಟ್ಟೆವು. ಹೂ ಮಾರುವ ಅಮ್ಮ ಕಟ್ಟೆಯ ಗೆರೆ ಮೇಲೆ ನಿಂತು, "ಇಲ್ಲಿ ಮೂರು ಗಂಟೆ ಬಿಸಿಲು ಮುಖಕ್ಕೇ ಹೊಡಿತದೆ ಸಾರ್, ಯಾರು ಕೂರ್ತಾರೆ?" ಅಂದರು. ಕಟ್ಟೆಯನ್ನು ಅಲ್ಲೇ ಅಳಿಸಿ ಹೊಂಗೆ ಬುಡಕ್ಕೆ ಎಳೆದೆವು. ಊರಿನ ಹಳೇ ಮನೆಯ ತಾತ ಒಬ್ಬರು ಪೂರ್ವದ ಮೂಲೆಗೆ ಕೋಲು ಊರಿ, "ಕೆರೆಗೆ ನೀರು ಹೋಗ್ತಿದ್ದುದೇ ಇಲ್ಲಿ ಕಣಪ್ಪ" ಅಂದರು. ಗ್ರಾಮ ನಕ್ಷೆಯಲ್ಲೂ ಕಾಲುವೆಯ ಗೆರೆ ಅಲ್ಲೇ ಇತ್ತು.

ಇನ್ನು ನೀರು. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಬಿದ್ದರೆ ಒಂದು ಲೀಟರ್. ಅರ್ಧ ಎಕರೆ ಅಂದರೆ 2,000 ಚದರ ಮೀಟರ್ ಚಿಲ್ಲರೆ. ಅಲ್ಲಿಗೆ 19 ಲಕ್ಷ ಲೀಟರಿಗೂ ಜಾಸ್ತಿ, 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 160ರ ಮೇಲೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಲಿಲ್ಲ.

ನೀರು ಎಲ್ಲಿ ಇಂಗುತ್ತೆ ಅಂತ ತಿಳಿಯಲು ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೋಡಿ. ನೀರು ತುಂಬಿ. ಖಾಲಿಯಾದ ಮೇಲೆ ಇನ್ನೊಮ್ಮೆ ತುಂಬಿ, ಆಗ ಗಡಿಯಾರ ನೋಡಿ. ಮೊದಲ ಸಲದ್ದು ಲೆಕ್ಕಕ್ಕಿಲ್ಲ, ಒಣ ಮಣ್ಣು ಎಷ್ಟಾದರೂ ಕುಡಿಯುತ್ತೆ. ನಮ್ಮಲ್ಲಿ ಕೆಂಪು ಮಣ್ಣಿದ್ದ ಕಡೆ ಸರಸರ ಇಳಿಯಿತು. ಮನೆ ಒಡೆದ ಇಟ್ಟಿಗೆ ಚೂರು, ಸಿಮೆಂಟ್ ಸುರಿದು ಲಾರಿ ಓಡಾಡಿದ್ದ ಕಡೆ ಮಾರನೇ ದಿನವೂ ನಿಂತೇ ಇತ್ತು. ಆ ಗಟ್ಟಿ ಭಾಗವನ್ನೇ ಹುಡುಗರ ಪಿಚ್‌ಗೆ ಬಿಟ್ಟೆವು. ತಾತ ತೋರಿಸಿದ ಮೂಲೆಯಲ್ಲಿ ನೆಲವನ್ನು ಮೊಣಕಾಲುದ್ದ ತಗ್ಗು ಮಾಡಿ, ನಡುವೆ ಮಣ್ಣು ವಡ್ಡರ ಕೈಲಿ ಮೂರಡಿ ಅಗಲದ ಇಂಗುಬಾವಿ ತೋಡಿಸಿ, ರಿಂಗ್ ಇಳಿಸಿದೆವು. ತಳಕ್ಕೆ ಕಾಂಕ್ರೀಟ್ ಹಾಕಬಾರದು, ಮೇಲೆ ಗ್ರಿಲ್ ಮಾತ್ರ ಮರೆಯಬಾರದು. ತಗ್ಗಿನ ಅಂಚಿಗೆ ಲಾವಂಚ.

ಸೊಳ್ಳೆ, ಹಾವು ಅಂತ ಗಲಾಟೆ ಆಗೇ ಆಗುತ್ತೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು, ನೀರು ಎರಡು ದಿನದಲ್ಲಿ ಇಂಗಿದರೆ ಚಿಂತೆ ಇಲ್ಲ. ಹಾವು ಬರುವುದು ಇಲಿಗೆ, ಇಲಿ ಬರುವುದು ನಾವು ಎಸೆದ ಅನ್ನಕ್ಕೆ. ಕಸ ಸುರಿಯುವ ಮೂಲೆ ಮುಚ್ಚಿ ಅಂತ ನಾನು ಹಟ ಹಿಡಿದದ್ದು ಅದಕ್ಕೇ.

ಗಿಡದ ವಿಷಯ ಹೇಳುವುದು ಕಡಿಮೆಯೇ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆ, ಕೈಗೆ ಗವಸು ಹಾಕಿಕೊಂಡು ಬೇರುಸಮೇತ ಕಿತ್ತೆವು. ಎಕ್ಕ ಮುಟ್ಟಲಿಲ್ಲ. ಪೂಜೆಗೂ ಬೇಕು, ಪ್ಲೇನ್ ಟೈಗರ್ ಚಿಟ್ಟೆ ಮೊಟ್ಟೆ ಇಡುವುದೂ ಅದರ ಮೇಲೇ. ಹೊಂಗೆ, ನೇರಳೆ, ಕಕ್ಕೆ, ಮುತ್ತುಗ ದೂರದೂರ ಹಾಕಿದೆವು. ಹೊಂಗೆ ಯುಗಾದಿ ಹೊತ್ತಿಗೆ ಚಿಗುರಿ, ಬಿಸಿಲು ಏರುವಾಗ ನೆರಳು ಕೊಡುತ್ತೆ, ಇದಕ್ಕಿಂತ ಬುದ್ಧಿವಂತ ಮರ ನಾನು ಕಂಡಿಲ್ಲ. ಮಿಯಾವಾಕಿ ಪದ್ಧತಿಯ ದಟ್ಟ ಕಾಡು ಮಾಡಿ ಅಂತ ಕೆಲವರು ಕೇಳಿದರು. ಚದರ ಮೀಟರಿಗೆ ಮೂರು ನಾಲ್ಕು ಸಸಿ ತುರುಕಿದರೆ ಅಜ್ಜಿಯರ ಸೊಪ್ಪಿಗೆ ಬಿಸಿಲು ಎಲ್ಲಿಂದ ಬರಬೇಕು, ಹುಡುಗರು ಎಲ್ಲಿಗೆ ಹೋಗಬೇಕು, ಅಲ್ವಾ? ಸೊಪ್ಪು ಬೆಳೆಯುವ ಜಾಗವನ್ನು ಹಾಗೇ ಬಿಟ್ಟು, ಔಷಧಿ ಹೊಡೆಯಬಾರದು ಅಂತ ಮಾತ್ರ ಗೊತ್ತು ಮಾಡಿಕೊಂಡೆವು. ಕಾಲುದಾರಿ ಇದ್ದಲ್ಲೇ ಇದೆ, ಅದರ ಮೇಲೆ ಜಲ್ಲಿಪುಡಿ ಹಾಸಿದ್ದೇವೆ ಅಷ್ಟೇ.

ಇನ್ನೂ ಬಗೆಹರಿಯದ್ದು ಬೀಗ. ಬೆಳಿಗ್ಗೆ ಹತ್ತು ಗಂಟೆಗೆ ಗೇಟ್ ಹಾಕಿ ಸಂಜೆ ನಾಲ್ಕಕ್ಕೆ ತೆಗೆಯಬೇಕು ಅಂತ ಅಸೋಸಿಯೇಷನ್‌ನ ಅರ್ಧ ಜನ ಹೇಳುತ್ತಾರೆ. ಹಾಗೆ ಮಾಡಿದರೆ ಪೌರಕಾರ್ಮಿಕರು ತಿಂಡಿ ಡಬ್ಬಿ ಬಿಚ್ಚುವ ಹೊತ್ತಿಗೇ ಬೀಗ ಬೀಳುತ್ತೆ. ಸದ್ಯಕ್ಕೆ ಕಾಲುದಾರಿಯ ಎರಡೂ ತುದಿಗೆ ಗೇಟ್ ಇಲ್ಲದ ಸಂದು ಬಿಟ್ಟಿದ್ದೇವೆ, ಹಸು ನುಗ್ಗದ ಹಾಗೆ ಅಡ್ಡಡ್ಡ ಕಲ್ಲು ನೆಟ್ಟು. ಮುಂದಿನ ಮೀಟಿಂಗಿನಲ್ಲಿ ಅದೇ ಚರ್ಚೆ. ಈ ಸಲ ಹೂವಿನ ಅಮ್ಮನನ್ನೂ ಕರೆದಿದ್ದೇವೆ.