ಹಳೆಯ ವ್ಯಾನು ಕೊಂಡು ಮನೆಮಂದಿಯ ಪ್ರವಾಸಕ್ಕೆ ಸಜ್ಜುಮಾಡುವುದು ಹೇಗೆ?

ಭಾರತ ಹುಣ್ಣಿಮೆಗೆ ಸವದತ್ತಿಯ ಗುಡ್ಡಕ್ಕೋ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೋ ಚಕ್ಕಡಿ ಹೂಡಿಕೊಂಡು ಹೋಗಿ, ಬಯಲಿನಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಚಕ್ಕಡಿಯ ಕೆಳಗೇ ಮಲಗೆದ್ದು ಬರುತ್ತಿದ್ದ ನಮ್ಮ ಭಾಗದ ಮನೆತನಗಳಿಗೆ ಅಡುಗೆ ಹಾಸಿಗೆಗಳನ್ನು ಜೊತೆಗೆ ಒಯ್ಯುವ ಪ್ರವಾಸ ಹೊಸದೇನಲ್ಲ. ಈಗ ಆ ಆಸೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಕ್ಯಾಂಪರ್ ವ್ಯಾನಿನತ್ತ ತಿರುಗಿದೆ. ಹೊಸ ಕ್ಯಾಂಪರ್ ವ್ಯಾನ್ ಮಧ್ಯಮ ವರ್ಗದ ಕೈಗೆ ಎಟುಕುವಂಥದ್ದಲ್ಲವಾದ್ದರಿಂದ ಹೆಚ್ಚಿನವರು ಹುಡುಕುವುದು ಸೆಕೆಂಡ್ ಹ್ಯಾಂಡ್ ಗಾಡಿಯನ್ನೇ. ಅಲ್ಲಿ ಹಣ ಹಾಳಾಗುವುದು ಒಳಗಿನ ಮಂಚ, ಸಿಂಕು, ಬಣ್ಣದ ದೀಪಗಳಿಗೆ ಮನಸೋಲುವುದರಿಂದ. ಮಂಚವನ್ನು ನಮ್ಮೂರಿನ ಬಡಿಗ ನಾಲ್ಕು ದಿನದಲ್ಲಿ ಮಾಡಿಕೊಡುತ್ತಾನೆ. ತುಕ್ಕು ತಿಂದ ಚಾಸಿಯನ್ನಾಗಲಿ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ಗಾಡಿಗೆ ತಾಳೆಯಾಗದ ಆರ್.ಸಿ.ಯನ್ನಾಗಲಿ (ನೋಂದಣಿ ಪತ್ರ) ಸರಿಮಾಡಿಕೊಡುವವರು ಸಿಗುವುದು ಕಷ್ಟ. ಆದ್ದರಿಂದ ಮೊದಲು ಗಾಡಿ, ಆಮೇಲೆ ಕಾಗದ, ಎಲ್ಲಕ್ಕೂ ಕೊನೆಗೆ ಅಲಂಕಾರ ಎಂಬ ಕ್ರಮದಲ್ಲಿ ನೋಡಬೇಕು. ಐದು ಲಕ್ಷ ರೂಪಾಯಿ ಕೂಡಿಟ್ಟಿದ್ದರೆ ನಾಲ್ಕು ಲಕ್ಷದ ಗಾಡಿಯನ್ನೇ ಹುಡುಕಿ, ಉಳಿದದ್ದನ್ನು ಮೊದಲ ಆರು ತಿಂಗಳ ರಿಪೇರಿಗೆ ತೆಗೆದಿಡಿ.

ಎಷ್ಟು ಮಂದಿ, ಯಾವ ಗಾಡಿ

ಮಲಗುವವರ ಲೆಕ್ಕಕ್ಕಿಂತ ಮೊದಲು, ಗಾಡಿ ಓಡುವಾಗ ಬೆಲ್ಟ್ ಹಾಕಿಕೊಂಡು ಮುಂದಕ್ಕೆ ಮುಖ ಮಾಡಿ ಕೂರುವವರ ಲೆಕ್ಕ ಹಾಕಿ. ಅಡ್ಡ ಬೆಂಚಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗುವುದನ್ನು ನಾನು ಒಪ್ಪುವುದಿಲ್ಲ. 796 ಸಿಸಿಯ ಮಾರುತಿ ಓಮ್ನಿಯ ತಯಾರಿಕೆ 2019ರಲ್ಲಿ ನಿಂತುಹೋಯಿತು; ಅಗ್ಗವಾಗಿ ಸಿಕ್ಕರೂ ಇಬ್ಬರಿಗಿಂತ ಹೆಚ್ಚು ಮಂದಿಗೆ ಅದು ಸಾಲದು. ಮಾರುತಿಯದೇ ಈಕೋದಲ್ಲಿ ಇಬ್ಬರು ದೊಡ್ಡವರು ಮತ್ತು ಒಂದು ಚಿಕ್ಕ ಮಗು ಹೇಗೋ ಮಲಗಬಹುದು, ಉಳಿದವರಿಗೆ ಪಕ್ಕದಲ್ಲಿ ಟೆಂಟು ಬೇಕಾಗುತ್ತದೆ. ನಾಲ್ಕೈದು ಮಂದಿಯ ಮನೆಗೆ ಫೋರ್ಸ್ ಟ್ರಾವೆಲರ್ ಅಥವಾ ಟಾಟಾ ವಿಂಗರ್ ಸರಿಹೋಗುತ್ತದೆ. ಟ್ರಾವೆಲರ್‌ ಕೆಲಸ ಬಲ್ಲ ಮೆಕ್ಯಾನಿಕ್ ನಮ್ಮ ತಾಲ್ಲೂಕು ಊರುಗಳಲ್ಲೂ ಸಿಗುತ್ತಾನೆಂಬ ಒಂದೇ ಕಾರಣಕ್ಕೆ ನಾನು ಅದರ ಕಡೆ ವಾಲುತ್ತೇನೆ.

ನೆರೆಯಲ್ಲಿ ನಿಂತ ಗಾಡಿಯೇ?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರು ಜಿಲ್ಲೆಗಳ ಕೊಳ್ಳುಗರು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಬೇಕಾದದ್ದು ಇದನ್ನೇ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿ ಬೆಳಗಾವಿ, ಬಾಗಲಕೋಟೆಯ ಊರುಗಳು ಮುಳುಗಿದಾಗ ಗಡಿಯಾಚೆಯ ಸಾಂಗಲಿ, ಕೊಲ್ಹಾಪುರಗಳೂ ನೀರಿನಲ್ಲಿದ್ದವು. 2021ರ ಜುಲೈನಲ್ಲಿ ಮತ್ತೆ ಅದೇ ಆಯಿತು. ನೀರಿನಲ್ಲಿ ನಿಂತ ಗಾಡಿಗಳು ತೊಳೆದು ಪಾಲಿಶ್ ಮಾಡಿಸಿಕೊಂಡು ಒಂದು ಪೇಟೆಯಿಂದ ಇನ್ನೊಂದಕ್ಕೆ ಹೋಗುತ್ತವೆ. ಚಿಕ್ಕೋಡಿ ಕಡೆ ನಾನು ನೋಡಿದ ಒಂದು ಟ್ರಾವೆಲರ್‌ಗೆ ಹೊಸ ಸೀಟ್ ಕವರ್, ಹೊಸ ಮ್ಯಾಟ್ ಇದ್ದವು, ಒಳಗೆ ಮಲ್ಲಿಗೆಯ ಪರಿಮಳ ತುಂಬಿತ್ತು. ಮಾರುವವನು ಫೋನಿನಲ್ಲಿದ್ದಾಗ ಹಿಂದಿನ ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದೆ. ಕೊನೆಯ ಒಂದು ಗೇಣು ಉದ್ದಕ್ಕೆ ಬಟ್ಟೆ ಕಂದುಬಣ್ಣಕ್ಕೆ ತಿರುಗಿತ್ತು, ಉಗುರಿನಿಂದ ಕೆರೆದರೆ ಒಣಗಿದ ಮಣ್ಣು ಪುಡಿಯಾಗಿ ಉದುರಿತು. ಅಲ್ಲಿಂದ ಸುಮ್ಮನೆ ಎದ್ದು ಬಂದೆ.

ನೀವೂ ಹಾಗೆಯೇ ಪ್ರತಿಯೊಂದು ಬೆಲ್ಟನ್ನೂ ಪೂರ್ತಿ ಎಳೆದು ನೋಡಿ. ಸೀಟಿನ ಹಳಿಗಳ ಸಂದು, ಡ್ಯಾಶ್‌ಬೋರ್ಡಿನ ಕೆಳಗಿನ ವೈರುಗಳ ಗಂಟು, ಸ್ಟೆಪ್ನಿ ಇಡುವ ಗುಂಡಿ, ಹೆಡ್‌ಲೈಟಿನ ಒಳಭಾಗ ಇವೆಲ್ಲಕ್ಕೂ ಟಾರ್ಚ್ ಬಿಡಿ. ತೊಳೆಯುವವನ ಕೈ ಹೋಗದ ಜಾಗದಲ್ಲಿ ಮೆಕ್ಕಲು ಮಣ್ಣು ಉಳಿದೇ ಇರುತ್ತದೆ. ಎರೆಹೊಲದ ದಾರಿಯಲ್ಲಿ ಓಡಿದ ಗಾಡಿಯ ಅಡಿಯಲ್ಲಿ ಕರಿಮಣ್ಣು ಮೆತ್ತಿಕೊಂಡಿರುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಆದರೆ ಆ ಮಣ್ಣು ತೇವ ಹಿಡಿದಿಟ್ಟ ಕಡೆ ತುಕ್ಕು ಹತ್ತಿರುತ್ತದೆಯಾದ್ದರಿಂದ ಅದನ್ನು ಕೆರೆದು, ಚಾಸಿಯ ಉದ್ದಕ್ಕೂ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಕೊಳೆತದ್ದು ಮಂದವಾಗಿ ಸದ್ದು ಮಾಡುತ್ತದೆ. ಅಡಿಗೆಲ್ಲಾ ಹೊಚ್ಚಹೊಸ ಕಪ್ಪು ಬಣ್ಣ ಬಳಿದಿದ್ದರೆ ಏಕೆಂದು ಕೇಳಿ.

ಎಂಜಿನ್ ಮತ್ತು ಓಡಾಟ

ಬೆಳಿಗ್ಗೆ ಬೇಗ ಹೋಗಿ, ಬಾನೆಟ್ ಮೇಲೆ ಕೈಯಿಟ್ಟು ಎಂಜಿನ್ ತಣ್ಣಗಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದರೆ ಹೊಗೆ ಬುಸುಗುಟ್ಟಿ ಮೇಲೆ ಬರುವುದನ್ನು ನಮ್ಮ ಮೆಕ್ಯಾನಿಕರು ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಅಂಥ ಎಂಜಿನ್ನಿಗೆ ದೊಡ್ಡ ಖರ್ಚು ಕಾದಿರುತ್ತದೆ. ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ಲೇಪ ಕಂಡರೆ ಕೂಲಂಟ್ ಆಯಿಲಿಗೆ ಬೆರೆಯುತ್ತಿದೆಯೆಂಬ ಗುಮಾನಿ ಇಟ್ಟುಕೊಳ್ಳಬೇಕು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ಓದಿ: 2319 ಎಂದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು, ಟೈರಿನ ಗೆರೆಗಳು ಇನ್ನೂ ಆಳವಾಗಿದ್ದರೂ ಬದಲಿಸುವ ವಯಸ್ಸಿನದು.

ಊರೊಳಗಿನ ಒಂದು ಸುತ್ತಿನಿಂದ ಏನೂ ತಿಳಿಯುವುದಿಲ್ಲ. ಬೆಳಗಾವಿಯವರು ವಂಟಮೂರಿ ಘಾಟ್ ಹತ್ತಿ ಇಳಿಯಬಹುದು. ಕ್ಲಚ್ ಜಾರುವುದು ಏರಿನಲ್ಲಿ, ಬ್ರೇಕ್ ಒಂದು ಬದಿಗೆ ಎಳೆಯುವುದು ಇಳಿಜಾರಿನಲ್ಲಿ ಗೊತ್ತಾಗುತ್ತದೆ. ವಿಜಯಪುರದವರಿಗೆ ಘಾಟ್ ಇಲ್ಲದಿದ್ದರೂ ಏಪ್ರಿಲ್‌ನ ನಡುಹಗಲಿದೆ: ಎ.ಸಿ. ಹಾಕಿ ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಟೆಂಪರೇಚರ್ ಮುಳ್ಳು ಮೇಲೇರುತ್ತದೆಯೇ ಎಂದು ನೋಡಿ.

ಒಳಗಿನ ಸಜ್ಜಿಕೆ

ಚಾವಣಿಗೆ ತೂತು ಕೊರೆದು ಫ್ಯಾನು, ಕಿಟಕಿ ಕೂರಿಸಿದ್ದರೆ ಪೈಪಿನಿಂದ ಹತ್ತು ನಿಮಿಷ ನೀರು ಬಿಡಿ. ವಿಜಯಪುರದ ಬಿಸಿಲಿನಲ್ಲಿ ನಿಂತ ಗಾಡಿ ಸೋರುತ್ತದೆಯೆಂಬುದು ಮಾಲೀಕನಿಗೂ ತಿಳಿದಿರಲಿಕ್ಕಿಲ್ಲ. ಜುಲೈನ ಮಳೆಯಲ್ಲಿ ಖಾನಾಪುರ ದಾಟಿದೊಡನೆ ನಿಮಗೆ ತಿಳಿಯುತ್ತದೆ. 12 ವೋಲ್ಟಿನ 100 ಆಂಪಿಯರ್-ಅವರ್ ಲೆಡ್ ಬ್ಯಾಟರಿಯಲ್ಲಿ 1,200 ವ್ಯಾಟ್-ಅವರ್ ಇದ್ದರೂ, ಬಾಳಿಕೆ ಬರಬೇಕಾದರೆ ಬಳಸಬೇಕಾದದ್ದು ಅರ್ಧವನ್ನಷ್ಟೇ. ರಾತ್ರಿಯಿಡೀ 20 ವ್ಯಾಟಿನ ಎರಡು ಫ್ಯಾನು, ದೀಪ, ಫೋನುಗಳಿಗೆ ಅದು ಸಾಕು. ಅದರಲ್ಲಿ ಎ.ಸಿ. ನಡೆಯುತ್ತದೆಂದು ಹೇಳುವವರನ್ನು ನಂಬಬೇಡಿ. ಎಂಜಿನ್ ಚಾಲೂ ಇಟ್ಟು ಎ.ಸಿ. ಹಾಕಿಕೊಂಡು ಮಲಗುವುದಂತೂ ಕಾರ್ಬನ್ ಮೊನಾಕ್ಸೈಡಿನಿಂದ ಜೀವಕ್ಕೇ ಅಪಾಯ.

ಆಮೇಲೆ ಗಾಡಿಯನ್ನು ಕಾಟಾಕ್ಕೆ, ಅಂದರೆ ಗಾಡಿ ತೂಗುವ ವೇಬ್ರಿಜ್ಜಿಗೆ, ಒಯ್ಯಿರಿ. ಕಬ್ಬಿನ ಸೀಮೆಯಲ್ಲಿ ವೇಬ್ರಿಜ್ ಇಲ್ಲದ ಊರು ಸಿಗುವುದೇ ಅಪರೂಪ. ಖಾಲಿ ಗಾಡಿಯ ತೂಕ ಹಿಡಿದು, ಅದಕ್ಕೆ ಮನೆಮಂದಿ, ಸಾಮಾನು, ಲೀಟರಿಗೆ ಒಂದು ಕಿಲೋದಂತೆ ಟಾಕಿಯ ನೀರು ಇವೆಲ್ಲವನ್ನೂ ಕೂಡಿಸಿ. ಮೊತ್ತವು ಆರ್.ಸಿ.ಯಲ್ಲಿರುವ ಒಟ್ಟು ತೂಕದ ಮಿತಿ ದಾಟಿದರೆ ಆ ಪ್ಲೈವುಡ್ ಕಪಾಟುಗಳನ್ನು ಇಳಿಸಬೇಕಾಗುತ್ತದೆ.

ಕಾಗದಪತ್ರ

ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಆರ್.ಸಿ.ಯ ವಿವರಗಳಿಗೆ ತಾಳೆಯಾಗದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಆರ್.ಸಿ. ಹನ್ನೆರಡು ಸೀಟಿನ ಮ್ಯಾಕ್ಸಿ ಕ್ಯಾಬ್ ಎನ್ನುತ್ತಾ, ಒಳಗೆ ನಾಲ್ಕೇ ಸೀಟು ಮತ್ತು ಮಂಚವಿದ್ದರೆ ಅಪಘಾತವಾದ ದಿನ ವಿಮೆಯ ತಕರಾರು ಎದ್ದೇಳುತ್ತದೆ. ಹಳದಿ ಬೋರ್ಡಿನ ಗಾಡಿಯಾದರೆ ಬಿಳಿ ಬೋರ್ಡಿಗೆ ಬದಲಾಯಿಸುವ ಖರ್ಚು, ಕ್ಯಾಂಪರ್ ವ್ಯಾನ್ ಎಂದು ನಮೂದಾಗುವ ಸಾಧ್ಯತೆ ಎರಡನ್ನೂ ಮುಂಗಡ ಕೊಡುವ ಮೊದಲೇ ನಿಮ್ಮ ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ. ಕೈಲಿ ಹಣ ಕಡಿಮೆಯಿದ್ದರೆ, ಕಂಪನಿಯ ಸೀಟುಗಳನ್ನು ಕೀಳದೆ, ಬೇಕಾದಾಗ ಇಳಿಸಿಡಬಹುದಾದ ಮಡಚುವ ಮಂಚ ಮತ್ತು ಅಡುಗೆ ಪೆಟ್ಟಿಗೆಯನ್ನು ಸಾಮಾನಿನಂತೆ ಒಯ್ಯುವುದೇ ಮೇಲು. ಸಿ.ಎನ್.ಜಿ. ಕಿಟ್ ಇದ್ದರೆ ಅದು ಆರ್.ಸಿ.ಯಲ್ಲಿ ದಾಖಲಾಗಿರಬೇಕು, ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಆಗುವ ಪರೀಕ್ಷೆಯ ಚೀಟಿಯೂ ಬೇಕು.

ಮಹಾರಾಷ್ಟ್ರದಲ್ಲಿ ನೋಂದಾದ ಎಂ.ಎಚ್. 09, 10, 13 ನಂಬರಿನ ಗಾಡಿಗಳು ನಮ್ಮಲ್ಲಿ ಅಗ್ಗವಾಗಿ ಕಾಣುತ್ತವೆ. ಆದರೆ ನಮೂನೆ 28ರ ನಿರಾಕ್ಷೇಪಣಾ ಪತ್ರ, ಕರ್ನಾಟಕದ ತೆರಿಗೆ, ಮರುನೋಂದಣಿ ಇವನ್ನೆಲ್ಲ ಬೆಲೆಗೆ ಕೂಡಿಸಿ ನೋಡಿದಾಗ ಆ ಅಗ್ಗ ಎಷ್ಟೋ ಸಲ ಕರಗಿಹೋಗುತ್ತದೆ. ಖಾಸಗಿ ಗಾಡಿಯ ನೋಂದಣಿ 15 ವರ್ಷದ್ದು. ಆಮೇಲೆ ಐದೈದು ವರ್ಷಕ್ಕೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಸಾಲ ಬಾಕಿ, ಚಲನ್, ಬ್ಲ್ಯಾಕ್‌ಲಿಸ್ಟ್ ಮೂರನ್ನೂ ಪರಿವಾಹನ್ ಜಾಲತಾಣದಲ್ಲಿ ನೋಡಿ, ಚಾಸಿ ನಂಬರನ್ನು ಗಾಡಿಯ ಮೇಲೆಯೇ ಬೆರಳಿಟ್ಟು ಓದಿಕೊಳ್ಳಿ. ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ, ಸಾಲವಿದ್ದ ಗಾಡಿಯಾದರೆ ಸಾಲ ತೀರಿದ್ದನ್ನು ಹೇಳುವ ನಮೂನೆ 35ಕ್ಕೂ ಸಹಿ ಬಿದ್ದ ಮೇಲೆಯೇ ಪೂರ್ತಿ ಹಣ ಕೊಟ್ಟು ಎರಡೂ ಕೀಲಿ ತೆಗೆದುಕೊಳ್ಳಿ, ಮತ್ತು ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ.